ಪರದೇಶವಾಸದ ದಿನಚರ್ಯೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅನ್ಯದೇಶೀಯರು

ಕನ್ನಡದ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಪರದೇಶದಿಂದ ಬಂದವನೆಂಬುದು ಒಂದು. ದಿಕ್ಕಿಲ್ಲದವನು, ತನ್ನವರೆಂಬವರಿಲ್ಲದವನು ಎಂಬುದು ಇನ್ನೊಂದು. ಬಳಕೆಯಲ್ಲಿ ಎರಡನೆಯ ಅರ್ಥವೇ ಹೆಚ್ಚಾಗಿ ಕೇಳಿಬರುತ್ತದೆ. ಊರು, ಕುಲ, ನೆಲ ಈ ಮೂರರಿಂದಲೇ ಮನುಷ್ಯನನ್ನು ಗುರುತಿಸುತ್ತಿದ್ದ ಸಮಾಜದಲ್ಲಿ, ಅವುಗಳನ್ನು ಹಿಂದೆ ಬಿಟ್ಟು ಬಂದವನು ಸಹಜವಾಗಿಯೇ ದಿಕ್ಕಿಲ್ಲದವನಾಗಿ ಕಂಡಿರಬೇಕು. ಆದರೆ ಬಂದವನು ಬಂದಂತೆಯೇ ಉಳಿಯುವುದಿಲ್ಲ. ಅವನು ಮನೆ ಕಟ್ಟುತ್ತಾನೆ, ಸಂತೆಗೆ ಹೋಗುತ್ತಾನೆ, ಮಕ್ಕಳನ್ನು ಬೆಳೆಸುತ್ತಾನೆ, ಹಿರಿಯರ ಅಂತ್ಯಕ್ರಿಯೆ ಮಾಡುತ್ತಾನೆ. ಹೀಗಿರಲಾಗಿ, ಯಾವ ಘಟ್ಟದಲ್ಲಿ ಅವನು ಪರದೇಶಿಯಲ್ಲವೆಂದು ಹೇಳಬಹುದು? ಅದನ್ನು ನಿರ್ಧರಿಸುವುದು ಕಾಲವೋ, ನಿತ್ಯಜೀವನವೋ, ಸರಕಾರದ ಕಾಗದವೋ? ಈ ಪ್ರಶ್ನೆಯನ್ನು ಒಂದು ಚಿಕ್ಕ ಸೀಮೆಯ ಆಧಾರದಿಂದ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

ನಾವು ಆರಿಸಿಕೊಂಡಿರುವುದು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಭಾಗವನ್ನು. ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮತ್ತು ಅವುಗಳಿಗೆ ಹೊಂದಿಕೊಂಡಿರುವ ಮುಂಡಗೋಡನ್ನು. ಈ ಜಿಲ್ಲೆಯು ೧೮೬೨ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ೧೯೫೬ರಲ್ಲಿ ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. ಮುಂಡಗೋಡು ಇಂದು ಪ್ರತ್ಯೇಕ ತಾಲ್ಲೂಕಾದರೂ ಮುಂಬಯಿ ಆಡಳಿತದ ಕಾಲದಲ್ಲಿ ಯಲ್ಲಾಪುರ ತಾಲ್ಲೂಕಿನ ಪೇಟಾ ಆಗಿದ್ದಿತು. ಪಶ್ಚಿಮದಲ್ಲಿ ದಟ್ಟ ಕಾಡು ಹಾಗೂ ಕಣಿವೆಗಳಲ್ಲಿ ಅಡಕೆ ತೋಟಗಳು. ಪೂರ್ವಕ್ಕೆ ಸಾಗಿದಂತೆ ಕಾಡು ತೆಳುವಾಗಿ, ಮುಂಡಗೋಡಿನ ಬಳಿ ಮಲೆನಾಡು ಬಯಲುಸೀಮೆಯೊಡನೆ ಕೂಡುತ್ತದೆ.

ಹೊರಗಿನವರೆಂಬ ಭಾವನೆ ಇಲ್ಲಿ ಬಹಳ ಹತ್ತಿರದಿಂದಲೇ ಆರಂಭವಾಗುತ್ತದೆ. ಘಟ್ಟದ ಮೇಲಿನವರಿಗೆ ಘಟ್ಟದ ಕೆಳಗಿನವರು ಬೇರೆ. ಮಲೆನಾಡಿನವರಿಗೆ ಬಯಲುಸೀಮೆಯವರು ಬೇರೆ. ಆದರೆ ಮೂಲನಿವಾಸಿಗಳಂತೆ ತೋರುವವರ ಐತಿಹ್ಯಗಳನ್ನು ಪರಿಶೀಲಿಸಿದರೆ ಅಲ್ಲಿಯೂ ವಲಸೆಯ ನೆನಪೇ ಎದುರಾಗುತ್ತದೆ. ಬನವಾಸಿಯ ಕದಂಬ ಮಯೂರವರ್ಮನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದನೆಂಬ ಕಥೆಯನ್ನು ಹವ್ಯಕರ ಪರಂಪರೆಯು ಉಳಿಸಿಕೊಂಡು ಬಂದಿದೆ. ಅದನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ತಾವೂ ಒಂದು ಕಾಲಕ್ಕೆ ಹೊರಗಿನಿಂದ ಬಂದವರೆಂಬ ಅರಿವನ್ನು ಒಂದು ನೆಲಸಿದ ಸಮುದಾಯವು ಹೆಮ್ಮೆಯಿಂದ ಕಾಪಾಡಿಕೊಂಡಿದೆಯೆಂಬ ಅಂಶವಷ್ಟೇ ನಮಗಿಲ್ಲಿ ಮುಖ್ಯ.

ಹಾದುಹೋದವರು

ಅನ್ಯದೇಶೀಯರಲ್ಲಿ ಮೊದಲನೆಯ ವರ್ಗ ಪ್ರವಾಸಿಗಳದು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯು ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಗೋವೆಯಿಂದ ಹೊರಟು, ಹೊನ್ನಾವರದಲ್ಲಿ ಇಳಿದು, ಸಿದ್ದಾಪುರ ಸೀಮೆಗೆ ತಗಲಿದಂತಿರುವ ಗೇರುಸೊಪ್ಪೆಯ ಘಟ್ಟವನ್ನೇರಿ, ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಹೋದನು. ತನ್ನ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಅವನು ಅರಮನೆಯ ವೈಭವವನ್ನಷ್ಟೇ ಅಲ್ಲದೆ ದಾರಿಯ ಸಣ್ಣಪುಟ್ಟ ಸಂಗತಿಗಳನ್ನೂ ದಾಖಲಿಸಿದ್ದಾನೆ. ದಾರಿಯಲ್ಲಿ ಒಂದು ದೇಗುಲದ ಮುಖಮಂಟಪದಲ್ಲಿ ಕೆಲವು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನು. ಬರೆದದ್ದು ತುಂಬಿದಾಗ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಕಾಗದ, ಲೇಖನಿಗಳ ಖರ್ಚಿಲ್ಲದ ಈ ವಿದ್ಯಾಭ್ಯಾಸ ಅವನಿಗೆ ಸೋಜಿಗವನ್ನುಂಟುಮಾಡಿತು.

ಎರಡನೆಯವನು ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾದ ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ೧೮೦೦ರಲ್ಲಿ ಮದರಾಸಿನಿಂದ ಹೊರಟ ಈತನು ೧೮೦೧ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿಗಳ ಮೂಲಕ ಪ್ರಯಾಣ ಮಾಡಿದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ವರದಿಯಲ್ಲಿ ಈ ಸೀಮೆಯ ಅಡಕೆ, ಮೆಣಸುಗಳ ಸಾಗುವಳಿ, ಭೂಮಿಯ ಹಿಡುವಳಿ, ಆಳುಗಳ ಸ್ಥಿತಿ ಇವೇ ಮೊದಲಾದ ವಿವರಗಳು ದೊರೆಯುತ್ತವೆ.

ಇವರಿಬ್ಬರೂ ಇಲ್ಲಿ ನೆಲಸಿದವರಲ್ಲ. ಆದರೂ ಇವರಿಂದ ಒಂದು ಪಾಠವನ್ನು ಕಲಿಯಬೇಕಾಗಿದೆ. ಮರಳಿನ ಮೇಲೆ ಲೆಕ್ಕ ಕಲಿಯುವುದು ಆ ಊರಿನವರಿಗೆ ಬರೆದಿಡತಕ್ಕ ವಿಷಯವಾಗಿರಲಿಲ್ಲ. ಏಕೆಂದರೆ ಅದು ದಿನವೂ ನಡೆಯುವಂಥದು. ಶಾಸನಗಳು ದಾನವನ್ನು ಹೇಳುತ್ತವೆ, ಕಡತಗಳು ಕಂದಾಯವನ್ನು ಹೇಳುತ್ತವೆ. ದಿನಚರ್ಯೆಯನ್ನು ಹೇಳಲು ಹೊರಗಿನ ಕಣ್ಣೇ ಬೇಕಾಯಿತು. ಅನ್ಯದೇಶೀಯನು ನಮ್ಮ ಸೀಮೆಯ ಚರಿತ್ರೆಗೆ ವಸ್ತು ಮಾತ್ರನಲ್ಲ, ಸಾಕ್ಷಿಯೂ ಆಗಿದ್ದಾನೆ. ಈ ಮಾತಿಗೆ ನಾವು ಕೊನೆಯಲ್ಲಿ ಹಿಂದಿರುಗುವೆವು.

ನೆಲಸಿ ನಮ್ಮವರಾದವರು

ಎರಡನೆಯ ವರ್ಗ ಸಿದ್ದಿಯರದು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಶಿರಸಿ, ಮುಂಡಗೋಡುಗಳ ಕಾಡಿನಂಚಿನಲ್ಲಿ ವಾಸವಾಗಿರುವ ಇವರ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ಅಲ್ಲಿಂದ ತಪ್ಪಿಸಿಕೊಂಡು, ಕೆಲವರು ಬಿಡುಗಡೆ ಹೊಂದಿ, ಘಟ್ಟದ ಕಾಡುಗಳಲ್ಲಿ ಆಶ್ರಯ ಪಡೆದರೆಂದು ವಿದ್ವಾಂಸರು ಸಾಮಾನ್ಯವಾಗಿ ಅಭಿಪ್ರಾಯಪಡುತ್ತಾರೆ. ಇವರು ತಾವಾಗಿ ಹೊರಟು ಬಂದವರಲ್ಲ. ಸ್ವದೇಶದ ಹೆಸರನ್ನೂ ಭಾಷೆಯನ್ನೂ ಉಳಿಸಿಕೊಳ್ಳುವ ಅವಕಾಶ ಇವರಿಗೆ ದೊರೆಯಲಿಲ್ಲ. ಇಂದು ಅವರ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಹೊರಗಿನ ವ್ಯವಹಾರಕ್ಕೆ ಕನ್ನಡ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಉಂಟು. ಡಮಾಮಿಯ ಬಡಿತ ಮತ್ತು ಕುಣಿತ ಮೂವರಿಗೂ ಪರಿಚಿತ.

ನಿತ್ಯಜೀವನದ ದೃಷ್ಟಿಯಿಂದ ಸಿದ್ದಿಯರು ಎಂದೋ ಈ ಸೀಮೆಯವರಾಗಿದ್ದರು. ಅಡಕೆ ತೋಟಗಳಲ್ಲಿ ದುಡಿದರು, ಕಾಡಿನ ಜೇನನ್ನೂ ಇತರ ಉತ್ಪನ್ನಗಳನ್ನೂ ಸಂಗ್ರಹಿಸಿದರು, ಒಡೆಯರ ಸಾಲಕ್ಕೆ ಸಿಕ್ಕಿ ತಲೆಮಾರುಗಟ್ಟಲೆ ಜೀತದಲ್ಲಿ ಸವೆದವರೂ ಉಂಟು. ಆದರೆ ಕಾಗದದ ಮಟ್ಟಿಗೆ ಅವರಿಗೆ ಸ್ಥಾನ ದೊರೆತದ್ದು ತೀರ ಈಚೆಗೆ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು ೨೦೦೩ರಲ್ಲಿ. ಇದರ ಪರಿಣಾಮವು ಕೇವಲ ಗೌರವದ್ದಲ್ಲ. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡದವರು ೨೦೦೫ರ ಡಿಸೆಂಬರ್ ೧೩ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸವಿದ್ದು ಜೀವನಕ್ಕೆ ಅದನ್ನೇ ನೆಚ್ಚಿದ್ದರೆ ಹಕ್ಕು ಕೇಳಬಹುದು; ಇತರರಾದರೋ ಮೂರು ತಲೆಮಾರು, ಎಂದರೆ ೭೫ ವರ್ಷಗಳ ವಾಸವನ್ನು ರುಜುಪಡಿಸಬೇಕು. ಒಂದು ಪಟ್ಟಿಯಲ್ಲಿ ಹೆಸರು ಸೇರಿದುದರಿಂದ, ಕಾಗದಪತ್ರಗಳಿಲ್ಲದ ಒಂದು ಜನಾಂಗಕ್ಕೆ ತಮ್ಮ ಮನೆಯಂಗಳವು ತಮ್ಮದೆಂದು ವಾದಿಸುವ ದಾರಿ ಸುಲಭವಾಯಿತು. ೨೦೨೦ರಲ್ಲಿ ಯಲ್ಲಾಪುರ ಸೀಮೆಯ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನಪರಿಷತ್ತಿಗೆ ನಾಮನಿರ್ದೇಶನ ಹೊಂದಿದರು. ಬಾಳುವೆಯಲ್ಲಿ ನೂರಾರು ವರ್ಷ ಮೊದಲೇ ಮುಗಿದಿದ್ದ ಪರದೇಶಿತನವು ಕಾಗದದಲ್ಲಿ ಮುಗಿಯಲು ಅಷ್ಟು ಕಾಲ ಹಿಡಿಯಿತು.

ನೆಲಸಿಯೂ ಪರದೇಶಿಗಳಾಗಿ ಉಳಿದವರು

ಇದಕ್ಕೆ ತೀರ ಭಿನ್ನವಾದ ಉದಾಹರಣೆ ಮುಂಡಗೋಡಿನ ಟಿಬೆಟನ್ನರದು. ೧೯೫೯ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಲ್ಲಿ ಎದ್ದ ದಂಗೆಯು ವಿಫಲವಾಗಿ, ಹದಿನಾಲ್ಕನೆಯ ದಲೈ ಲಾಮಾ ಅವರು ಭಾರತಕ್ಕೆ ಬಂದರು. ಅವರನ್ನು ಹಿಂಬಾಲಿಸಿ ಸುಮಾರು ೮೦,೦೦೦ ಜನ ಗಡಿ ದಾಟಿದರು. ಆಗ ನಿರಾಶ್ರಿತರಿಗೆ ನೆಲವನ್ನು ಕೊಡಲು ಮುಂದೆ ಬಂದ ಪ್ರಾಂತಗಳಲ್ಲಿ ಮೈಸೂರು ರಾಜ್ಯವು ಅಗ್ರಗಣ್ಯವಾದುದು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಮೊದಲು ಬೈಲಕುಪ್ಪೆಯಲ್ಲಿಯೂ, ೧೯೬೬ರಲ್ಲಿ ಮುಂಡಗೋಡಿನ ಬಳಿಯೂ, ೧೯೭೦ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿಯೂ ವಸತಿಗಳು ಸ್ಥಾಪಿತವಾದವು. ಮುಂಡಗೋಡಿನ ವಸತಿಗೆ ‘ದೋಗುಲಿಂಗ್’ ಎಂದು ಹೆಸರು. ಅದಕ್ಕಾಗಿ ಸುಮಾರು ೪,೦೦೦ ಎಕರೆಗಳ ಕಾಡುನೆಲವನ್ನು ಬಿಟ್ಟುಕೊಡಲಾಯಿತು. ಸುತ್ತಲಿನ ಜನ ಅದನ್ನು ಟಿಬೆಟನ್ ಕಾಲೊನಿಯೆಂದೂ ಲಾಮಾ ಕ್ಯಾಂಪ್ ಎಂದೂ ಕರೆಯುವುದು ರೂಢಿ. ಒಳಗಿನ ಹಳ್ಳಿಗಳಿಗೆ ಹೆಸರಿಗಿಂತ ಅಂಕಿಯೇ ಬಳಕೆಯಲ್ಲಿದೆ: ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು, ಹೀಗೆ. ಅರುವತ್ತು ವರ್ಷ ಕಳೆದರೂ ಊರಿಗೆ ‘ಕ್ಯಾಂಪು’ ಎಂಬ ಬಿಡಾರದ ಹೆಸರೇ ಉಳಿದಿರುವುದು ಗಮನಿಸತಕ್ಕದ್ದು.

ಆರಂಭದ ವರ್ಷಗಳ ಕಷ್ಟವನ್ನು ಊಹಿಸಲು ಭೂಗೋಳದ ಒಂದು ಅಂಶ ಸಾಕು. ಲ್ಹಾಸಾ ನಗರವು ಸಮುದ್ರಮಟ್ಟದಿಂದ ೩,೬೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮುಂಡಗೋಡಾದರೋ ೬೦೦ ಮೀಟರಿನ ಆಸುಪಾಸು. ಒಣ ಚಳಿಯಲ್ಲಿ ಯಾಕ್ ಮೇಯಿಸಿಕೊಂಡು, ಬಾರ್ಲಿ ಬೆಳೆದುಕೊಂಡು ಇದ್ದವರು ಮಲೆನಾಡಂಚಿನ ಮಳೆ, ಬೇಸಿಗೆಯ ಸೆಕೆ, ಸೊಳ್ಳೆ, ಆನೆ, ಕಾಡುಹಂದಿಗಳ ನಡುವೆ ಮರ ಕಡಿದು ಬೇರು ಕಿತ್ತು ಹೊಲ ಮಾಡಬೇಕಾಯಿತು. ಭೂಮಿಯನ್ನು ಸಾಮಾನ್ಯವಾಗಿ ತಲೆಗೆ ಒಂದು ಎಕರೆಯ ಲೆಕ್ಕದಲ್ಲಿ ಹಂಚಲಾಯಿತು. ಭತ್ತ, ಗೋವಿನಜೋಳಗಳ ಬೇಸಾಯವನ್ನು ಅವರು ಇಲ್ಲಿಯೇ ಕಲಿತರು.

ಭಿಕ್ಷುಗಳ ಕಥೆ ಸ್ವಲ್ಪ ಬೇರೆ. ಲ್ಹಾಸಾದ ಬಳಿ ೧೪೦೯ರಲ್ಲಿ ಸ್ಥಾಪಿತವಾದ ಗಾಂದೆನ್, ೧೪೧೬ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಮಹಾವಿಹಾರಗಳ ಭಿಕ್ಷುಗಳು ಮೊದಲು ಭೂತಾನದ ಗಡಿಯ ಬಳಿಯ ಬಕ್ಸಾದುವಾರದಲ್ಲಿ, ಬ್ರಿಟಿಷರು ರಾಜಕೀಯ ಬಂದಿಗಳನ್ನಿಡುತ್ತಿದ್ದ ಶಿಬಿರದಲ್ಲಿ ಸುಮಾರು ಹತ್ತು ವರ್ಷ ಕಳೆದರು. ಕ್ಷಯರೋಗದಿಂದ ಅನೇಕರು ಅಲ್ಲಿಯೇ ತೀರಿಕೊಂಡರು. ಉಳಿದವರು ೧೯೬೯ರ ಸುಮಾರಿಗೆ ಮುಂಡಗೋಡಿಗೆ ಬಂದು, ನೇಗಿಲು ಹಿಡಿಯಬಾರದೆಂಬ ಹಳೆಯ ನಿಯಮವನ್ನು ಬದಿಗಿಟ್ಟು, ಹಗಲು ಹೊಲದಲ್ಲಿಯೂ ಸಂಜೆ ತರ್ಕಶಾಲೆಯಲ್ಲಿಯೂ ದುಡಿದರು. ಇಂದು ಈ ವಿಹಾರಗಳಿಗೆ ಲಡಾಖ್, ನೇಪಾಳ, ಮಂಗೋಲಿಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಟಿಬೆಟ್ಟಿನ ವಿದ್ಯಾಪೀಠವೊಂದು ತನ್ನ ಪರಂಪರೆಯನ್ನು ಯಲ್ಲಾಪುರದ ಹಳೆಯ ಪೇಟಾದಲ್ಲಿ ಉಳಿಸಿಕೊಂಡಿತೆಂಬುದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಊಟ, ಉಡುಗೆ, ಮಾತು, ಕಾಲ

ನಿತ್ಯಜೀವನದಲ್ಲಿ ಬೇಗ ಬದಲಾಗುವ ವಸ್ತುಗಳೂ ನಿಧಾನವಾಗಿ ಬದಲಾಗುವ ವಸ್ತುಗಳೂ ಉಂಟು. ಹುರಿದ ಬಾರ್ಲಿಯ ಹಿಟ್ಟಾದ ತ್ಸಂಪಾ ಟಿಬೆಟನ್ನರ ಮುಖ್ಯ ಆಹಾರ. ಇಲ್ಲಿ ಬಾರ್ಲಿ ಬೆಳೆಯುವುದಿಲ್ಲವಾದ್ದರಿಂದ ಅನ್ನವೂ ಗೋದಿಯ ರೊಟ್ಟಿಯೂ ದಿನದ ಊಟಕ್ಕೆ ಬಂದವು. ತ್ಸಂಪಾ ಹಬ್ಬಹರಿದಿನಗಳಿಗೂ ಹಿರಿಯರ ಮನೆಗಳಿಗೂ ಸರಿಯಿತು. ಉಪ್ಪು, ಬೆಣ್ಣೆ ಬೆರೆಸಿದ ಚಹದ ಪಕ್ಕದಲ್ಲಿಯೇ ಸಕ್ಕರೆ ಹಾಲಿನ ಚಹ ನೆಲೆಯೂರಿತು. ಅತ್ತ ಮೊಮೊ, ಥುಕ್ಪಾಗಳು ಕಾಲೊನಿಯ ಹೋಟೆಲುಗಳಿಂದ ಸುತ್ತಣ ಊರುಗಳ ಯುವಕರ ಬಾಯಿಗೆ ರುಚಿಸಿದವು. ದಪ್ಪ ಉಣ್ಣೆಯ ಚುಬಾ ನಿಲುವಂಗಿಯು ತೆಳು ಬಟ್ಟೆಯ ಚುಬಾ ಆಯಿತು. ಟಿಬೆಟ್ಟಿನಲ್ಲಿ ಶವವನ್ನು ಹದ್ದುಗಳಿಗೆ ಒಪ್ಪಿಸುವ ಪದ್ಧತಿ ವ್ಯಾಪಕವಾಗಿತ್ತು. ಇಲ್ಲಿ ದಹನವೇ ರೂಢಿಯಾಯಿತು.

ಭಾಷೆಯ ವಿಷಯದಲ್ಲಿ ಇನ್ನೊಂದು ಬಗೆಯ ಹೊಂದಾಣಿಕೆ ಕಂಡುಬರುತ್ತದೆ. ವಸತಿಯ ಶಾಲೆಗಳಲ್ಲಿ ಟಿಬೆಟನ್, ಇಂಗ್ಲಿಷ್, ಹಿಂದಿಗಳಿಗೆ ಪ್ರಾಧಾನ್ಯ. ಕನ್ನಡವನ್ನು ಬಹುಮಟ್ಟಿಗೆ ಸಂತೆಯೇ ಕಲಿಸಿತು. ಆದಕಾರಣ ಹಿರಿಯರ ಕನ್ನಡದಲ್ಲಿ ಅಳತೆ, ತೂಕ, ದರ, ಮಳೆ, ಬೆಳೆಗಳ ಶಬ್ದಗಳು ಸರಾಗವಾಗಿ ಬರುತ್ತವೆ. ಮನಸ್ಸಿನ ವಿಚಾರ ಹೇಳುವ ಶಬ್ದಗಳು ಕಡಮೆ. ಚಳಿಗಾಲ ಬಂತೆಂದರೆ ಅನೇಕ ಕುಟುಂಬಗಳು ಲುಧಿಯಾನದ ಸ್ವೆಟರುಗಳನ್ನು ಕೊಂಡು ದೂರದ ನಗರಗಳಲ್ಲಿ ಮಾರಲು ಹೊರಡುತ್ತವೆ. ಆ ತಿಂಗಳುಗಳಲ್ಲಿ ಮನೆಯಲ್ಲಿ ಉಳಿಯುವವರು ಮುದುಕರೂ ಮಕ್ಕಳೂ. ಹೊಲದ ಕೆಲಸಕ್ಕೆ ಸುತ್ತಣ ಹಳ್ಳಿಗಳ ಆಳುಗಳು ಬರುತ್ತಾರೆ. ಬೇಸಾಯ ಬಿಟ್ಟ ಕುಟುಂಬಗಳ ಹೊಲವನ್ನು ಆ ಹಳ್ಳಿಗರೇ ಮಾಡುವುದೂ ಉಂಟು. ಈ ಸಂಬಂಧ ಯಾವಾಗಲೂ ಸಿಹಿಯಾಗಿಯೇ ಇರುವುದೆಂದು ಹೇಳಲಾಗದು. ತನಗೆ ಒಂದು ಗುಂಟೆಯ ಪಟ್ಟೆಯಿಲ್ಲದಾಗ ಹೊರಗಿನವರಿಗೆ ಸಾವಿರಾರು ಎಕರೆ ದೊರೆಯಿತೆಂಬ ಅಸಮಾಧಾನವು ಅರಣ್ಯಭೂಮಿಯನ್ನು ಸಾಗುವಳಿ ಮಾಡಿ ಹಕ್ಕಿಗಾಗಿ ಕಾದಿರುವ ಬಡ ರೈತನಲ್ಲಿ ಹುಟ್ಟುವುದು ಅಸಹಜವಲ್ಲ.

ನಿಧಾನವಾಗಿ ಬದಲಾಗುವುದು, ಅಥವಾ ಬದಲಾಗದೆಯೇ ಉಳಿಯುವುದು, ಪಂಚಾಂಗ. ಶಿರಸಿಯವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯಿಂದ ಕಾಲವನ್ನು ಲೆಕ್ಕ ಹಾಕುವಂತೆ, ಟಿಬೆಟನ್ನರು ಹೊಸವರ್ಷದ ಲೋಸಾರ್, ಜುಲೈ ೬ರ ದಲೈ ಲಾಮಾ ಅವರ ಜನ್ಮದಿನ, ೧೯೫೯ರ ದಂಗೆಯ ನೆನಪಿನ ಮಾರ್ಚ್ ೧೦ ಇವುಗಳಿಂದ ವರ್ಷವನ್ನು ಎಣಿಸುತ್ತಾರೆ.

ಕಾಗದ ಮತ್ತು ನಿಷ್ಠೆ

ಟಿಬೆಟನ್ನರ ದಿನಚರ್ಯೆಯಲ್ಲಿ ನಮಗೆ ಅಪರಿಚಿತವಾದ ಇನ್ನೊಂದು ಭಾಗವಿದೆ. ಅದು ನೋಂದಣಿಯದು. ೧೯೩೯ರ ಮತ್ತು ೧೯೪೬ರ ವಿದೇಶೀಯರ ಕಾಯಿದೆಗಳ ಪ್ರಕಾರ ಅವರು ನೋಂದಣಿಪತ್ರವನ್ನು ಪಡೆದು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾಗಿದ್ದಿತು. ಈ ಕಾಯಿದೆಗಳ ಸ್ಥಾನದಲ್ಲಿ ೨೦೨೫ರಲ್ಲಿ ಹೊಸ ಕಾಯಿದೆ ಬಂದಿದೆ. ಪರದೇಶಕ್ಕೆ ಹೋಗುವಾಗ ಪಾಸ್‌ಪೋರ್ಟಿನ ಬದಲು ಹಳದಿ ಹೊದಿಕೆಯ ಗುರುತಿನ ಪುಸ್ತಕ. ಭೂಮಿ ಸ್ವಂತದ್ದಲ್ಲ, ೨೦೧೪ರ ಟಿಬೆಟನ್ ಪುನರ್ವಸತಿ ನೀತಿಯು ೨೦ ವರ್ಷಗಳ ಗುತ್ತಿಗೆಯನ್ನು ಸೂಚಿಸಿತು.

ಇನ್ನು ಪೌರತ್ವ. ೧೯೫೫ರ ಪೌರತ್ವ ಕಾಯಿದೆಯ ಪ್ರಕಾರ ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುವುದೆಂದು ದೆಹಲಿಯ ಉಚ್ಚ ನ್ಯಾಯಾಲಯವು ೨೦೧೦ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೩ರಲ್ಲಿಯೂ ತೀರ್ಮಾನಿಸಿದವು. ಎಂದರೆ ೧೯೬೬ರ ನಂತರ ಮುಂಡಗೋಡಿನಲ್ಲಿ ಹುಟ್ಟಿದ ಮೊದಲ ಪೀಳಿಗೆಗೆ ಪೌರತ್ವದ ಬಾಗಿಲು ತೆರೆದಿದೆ. ಆದರೆ ೨೦೧೭ರಲ್ಲಿ ಪಾಸ್‌ಪೋರ್ಟು ಕೊಡಲು ಒಪ್ಪಿದ ಸರಕಾರವು, ಅರ್ಜಿದಾರರು ನೋಂದಣಿಪತ್ರವನ್ನು ಹಿಂದಿರುಗಿಸಬೇಕು, ನಿರಾಶ್ರಿತರ ವಸತಿಯಲ್ಲಿ ವಾಸವಾಗಿರಬಾರದು ಎಂಬ ಷರತ್ತುಗಳನ್ನು ವಿಧಿಸಿತು. ಹುಟ್ಟಿದ ಊರಿನ ಕಾರಣದಿಂದ ಲಭಿಸಿದ ಪೌರತ್ವವನ್ನು ಬಳಸಿಕೊಳ್ಳಲು ಹುಟ್ಟಿದ ಊರನ್ನೇ ಬಿಡಬೇಕೆಂಬ ಈ ವಿಚಿತ್ರ ಸ್ಥಿತಿಯಲ್ಲಿ ಪರದೇಶವಾಸದ ಸಮಸ್ಯೆಯೆಲ್ಲವೂ ಅಡಗಿದೆ.

ಕಾನೂನೊಂದೇ ಅಡ್ಡಿಯೆಂದು ತಿಳಿಯುವುದೂ ಸರಿಯಲ್ಲ. ಪೌರತ್ವಕ್ಕೆ ಅರ್ಹರಾದವರಲ್ಲಿ ಅದನ್ನು ಬೇಡವೆಂದವರು ಬಹಳ ಮಂದಿ ಇದ್ದಾರೆ. ಭಾರತೀಯರಾದರೆ ಟಿಬೆಟ್ಟಿಗೆ ಮರಳುವ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ ಎಂಬುದು ಅವರ ಭಾವನೆ. ಅನ್ನ ಕೊಟ್ಟ ನೆಲಕ್ಕೆ ಇದು ಕೃತಘ್ನತೆಯಲ್ಲವೆ ಎಂದು ತರಗತಿಯಲ್ಲಿ ಕೆಲವು ವಿದ್ಯಾರ್ಥಿಗಳು ಕೇಳಿದ್ದುಂಟು. ಅಲ್ಲವೆಂದೇ ನಮ್ಮ ಅಭಿಪ್ರಾಯ. ಅವರ ಪಾಲಿಗೆ ಪರದೇಶಿತನವು ದೈನ್ಯದ ಸ್ಥಿತಿಯಲ್ಲ, ಕಾಪಾಡಿಕೊಂಡು ಬಂದ ಒಂದು ಒತ್ತೆ. ಸಿದ್ದಿಯರಿಗೆ ಮರಳುವ ಊರು ನೆನಪಿನಲ್ಲಿಯೂ ಉಳಿಯದಂತೆ ಮಾಡಲಾಯಿತು. ಟಿಬೆಟನ್ನರಿಗೆ ಅದು ನೆನಪಿನಲ್ಲಿ ಮಾತ್ರ ಉಳಿದಿದೆ. ಮೊದಲಿನವರು ಬೇಡಿದರೂ ಕಾಗದವು ತಡವಾಗಿ ದೊರೆಯಿತು. ಎರಡನೆಯವರಲ್ಲಿ ಅನೇಕರು ಕಾಗದವು ಕೈಗೆಟುಕುವಂತಿದ್ದರೂ ಕೈಚಾಚಲಿಲ್ಲ. ಆದುದರಿಂದ ನಿತ್ಯಜೀವನವು ಮನುಷ್ಯನನ್ನು ಊರಿನವನನ್ನಾಗಿ ಮಾಡುತ್ತದೆಯಾದರೂ, ಅವನನ್ನು ದೇಶದವನನ್ನಾಗಿ ಮಾಡಲು ಕಾನೂನಿನ ಒಪ್ಪಿಗೆಯೂ ಅವನದೇ ಆದ ಒಪ್ಪಿಗೆಯೂ ಬೇಕೆಂದು ಈ ಎರಡು ಉದಾಹರಣೆಗಳಿಂದ ತಿಳಿದುಬರುತ್ತದೆ.

ಮುಂದಿನ ಕೆಲಸ

ಒಮ್ಮೆ ನಾವು ವಿದ್ಯಾರ್ಥಿಗಳೊಡನೆ ಮುಂಡಗೋಡಿನ ವಸತಿಗೆ ಹೋಗಿದ್ದಾಗ, ಜಪಮಣಿ ಎಣಿಸುತ್ತ ಕುಳಿತಿದ್ದ ವೃದ್ಧರೊಬ್ಬರನ್ನು ಒಬ್ಬ ವಿದ್ಯಾರ್ಥಿನಿ, “ಅಜ್ಜ, ನಿಮ್ಮ ಊರು ಯಾವುದು?” ಎಂದು ಕೇಳಿದಳು. ಅವರು ತಮ್ಮ ಕ್ಯಾಂಪಿನ ಅಂಕಿಯನ್ನು ಹೇಳಿದರು. ಸ್ವಲ್ಪ ಹೊತ್ತಿನ ಬಳಿಕ, ಯಾರೂ ಕೇಳದಿದ್ದರೂ, ನಮಗೆ ಉಚ್ಚರಿಸಲು ಬಾರದ ಇನ್ನೊಂದು ಹೆಸರನ್ನು ಹೇಳಿದರು. ವಿದ್ಯಾರ್ಥಿನಿಯು ಎರಡನ್ನೂ ಬರೆದುಕೊಂಡಳು. ಹಾಗೆ ಮಾಡಿದ್ದು ಸರಿಯೆಂದು ನಮಗೆ ತೋರುತ್ತದೆ.

ಈ ಬಗೆಯ ಕೆಲಸಕ್ಕೆ ಕಾಲವು ಹೆಚ್ಚು ಉಳಿದಿಲ್ಲ. ೧೯೬೬ರಲ್ಲಿ ಕೊಡಲಿ ಹಿಡಿದು ಕಾಡು ಕಡಿದವರಲ್ಲಿ ಬದುಕಿರುವವರು ವಿರಳ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಬೆಂಗಳೂರಿಗೆ, ಯುರೋಪಿಗೆ, ಉತ್ತರ ಅಮೆರಿಕಕ್ಕೆ ಹೊರಟು ಎರಡನೆಯ ಪರದೇಶವಾಸವನ್ನು ಆರಂಭಿಸಿದ್ದಾರೆ; ಅವರಿಗೆ ಬಿಟ್ಟುಬಂದ ಊರೆಂದರೆ ಮುಂಡಗೋಡೇ. ಆಗಿನ ಕಾಡು ಹೇಗಿತ್ತು, ಮೊದಲ ಮಳೆಗಾಲದಲ್ಲಿ ನೆರವಿಗೆ ಬಂದ ಹಳ್ಳಿಗರು ಯಾರು, ನೇಗಿಲು ಹಿಡಿಯಲು ಕಲಿಸಿದವರು ಯಾರು, ಕೂಲಿಯ ದರವೇನು ಎಂಬುದನ್ನು ನಮ್ಮ ಹಳ್ಳಿಗರು ಬರೆದಿಟ್ಟಿಲ್ಲ. ಮರಳಿನ ಮೇಲೆ ಲೆಕ್ಕ ಕಲಿಯುತ್ತಿದ್ದ ಹುಡುಗರನ್ನು ದೆಲ್ಲಾ ವಾಲೆ ಕಂಡಂತೆ, ೧೯೬೦ರ ದಶಕದ ನಮ್ಮ ಸೀಮೆಯನ್ನು ಹೊಸಗಣ್ಣಿನಿಂದ ಕಂಡವರು ಈ ಹಿರಿಯರು. ಅವರು ಪತ್ರ ಬರೆದು ಪ್ರಕಟಿಸಲಿಲ್ಲ. ನಾವೇ ಹೋಗಿ ಕೇಳಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡುಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳು ವರ್ಷಕ್ಕೆ ಹತ್ತು ಹಿರಿಯರ ನೆನಪುಗಳನ್ನಾದರೂ, ಟಿಬೆಟನ್ನರದನ್ನೂ ಸಿದ್ದಿಯರದನ್ನೂ ಅವರ ನೆರೆಯ ಹಳ್ಳಿಗರದನ್ನೂ ಜೊತೆಜೊತೆಯಾಗಿ, ಅವರ ಒಪ್ಪಿಗೆ ಪಡೆದು ಬರೆದುಕೊಂಡರೆ, ಕೆಲವೇ ವರ್ಷಗಳಲ್ಲಿ ಒಂದು ಅಮೂಲ್ಯವಾದ ಸಂಗ್ರಹವು ಸಿದ್ಧವಾದೀತು. ಅದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಬಸ್ಸಿನ ಖರ್ಚು ಮತ್ತು ತಾಳ್ಮೆ. ಅಧ್ಯಾಪಕ ಮಿತ್ರರು ಈ ವರ್ಷದ ಕ್ಷೇತ್ರಕಾರ್ಯವನ್ನು ನಿಶ್ಚಯಿಸುವಾಗ ಇದನ್ನು ಗಮನಕ್ಕೆ ತಂದುಕೊಳ್ಳಬೇಕೆಂದು ನಾವು ವಿನಂತಿಸುವೆವು.